ಸ್ಪ್ಯಾನಿಷ್ ವ್ಯಾಪಾರದ ಮಾತು ಇಂಗ್ಲಿಷಿಗೆ ಬರುವಾಗ ಚಿತ್ರ ಉಳಿಸ್ಬೇಕಾ, ಬಿಡ್ಬೇಕಾ?

ಬೋಳಾರ_ಬೀದಿ

ಎಲ್ಲರಿಗೂ ನಮಸ್ಕಾರ. ಮಂಗಳೂರಲ್ಲಿ ಮನೆಯಿಂದಲೇ ಸ್ಪ್ಯಾನಿಷ್‌-ಇಂಗ್ಲಿಷ್ ಅನುವಾದದ ಕೆಲಸ ಮಾಡುತ್ತೇನೆ. ಈಗ ಕೈಯಲ್ಲಿರುವುದು ಸ್ಪೇನಿನ ಕಾಸ್ತೆಯೋನ್ ಕಡೆಯ ಒಂದು ಟೈಲ್ಸ್ ಕಂಪನಿಯ ವಾರ್ಷಿಕ ವರದಿ. ಹಂಚಿನ ಊರಿನವಳಿಗೆ ಟೈಲ್ಸ್ ಊರಿನ ಕೆಲಸ! ಮೊದಲ ಕರಡು ಮೆಷೀನ್ ಮಾಡಿದ್ದು. ಅದನ್ನು ಓದುವ ಹಾಗೆ ಮಾಡುವುದು ನನ್ನ ಪಾಲು.

ತೊಂದರೆ ಎಲ್ಲಿ ಅಂದರೆ, "ಅಪೋಸ್ತಾಮೋಸ್ ಪೋರ್ ಲಾ ಕಾಲಿದಾದ್" ಅನ್ನುವುದಕ್ಕೆ ಮೆಷೀನ್ "ವಿ ಬೆಟ್ ಆನ್ ಕ್ವಾಲಿಟಿ" ಅಂತ ಕೊಟ್ಟಿದೆ. ಓದಿದರೆ ಕಂಪನಿಯವರು ಜುಗಾರಿಗೆ ಕೂತ ಹಾಗಿದೆ. "ತೆಹೀದೊ ಎಂಪ್ರೆಸಾರಿಯಾಲ್" ಅನ್ನುವುದು "ಬಿಸಿನೆಸ್ ಫ್ಯಾಬ್ರಿಕ್" ಆಗಿದೆ. ಅಧ್ಯಕ್ಷರ ಪತ್ರದಲ್ಲಂತೂ ಬಡಕಲು ಹಸು, ಹಸಿರು ಚಿಗುರು, ಹಿಂದಿನಿಂದ ಬೀಸುವ ಗಾಳಿ ಎಲ್ಲ ಉಂಟು.

ಏಜೆನ್ಸಿಯವರು ಹೇಳಿದ್ದು ಒಂದೇ ಮಾತು, ಇಂಗ್ಲಿಷ್ ಸಹಜವಾಗಿರಬೇಕು ಅಂತ. ಗೆಳತಿಯೊಬ್ಬಳು ಚಿತ್ರಗಳನ್ನೆಲ್ಲ ಉಳಿಸು, ಅದೇ ರುಚಿ ಅನ್ನುತ್ತಾಳೆ. ಇನ್ನೊಬ್ಬಳು ಎಲ್ಲ ಕಿತ್ತು ಹಾಕು ಅನ್ನುತ್ತಾಳೆ. ನೀವು ಎಂತ ಮಾಡ್ತೀರಿ?

ಮಣಿಪಾಲ_ಮಾರ್ಜಿನ್

ಅಕ್ಕ, ಎರಡೂ ಬೇಡ. ಒಂದೊಂದು ಮಾತು ಬಂದಾಗಲೂ ಕೇಳಿಕೊಳ್ಳಿ: ಇದನ್ನು ಓದುವ ಸ್ಪೇನಿನವನಿಗೆ ಚಿತ್ರ ಕಾಣುತ್ತದಾ? ಅವನಿಗೆ ಕಾಣದೆ ಇದ್ದದ್ದು ಇಂಗ್ಲಿಷ್ ಓದುವವನಿಗೂ ಕಾಣಬಾರದು.

ಅಪೋಸ್ತಾರ್ ಅಂದರೆ ಬಾಜಿ ಕಟ್ಟುವುದು, ನಿಜ. ಆದರೆ ಅದರ ಹಿಂದೆ ಪೋರ್ ಸೇರಿದರೆ ಒಬ್ಬರ ಮೇಲೋ ಒಂದು ಯೋಚನೆಯ ಮೇಲೋ ಭರವಸೆ ಇಡುವುದು ಅಂತ ಆಗುತ್ತದೆ. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟಿನಲ್ಲೇ ಅದಕ್ಕೆ ಬೇರೆ ಅರ್ಥ ಕೊಟ್ಟಿದ್ದಾರೆ. ಮೇಯರ್ ಸೈಕಲ್ ದಾರಿಯ ಬಗ್ಗೆ ಮಾತಾಡಿದರೂ ಅದೇ ಪದ, ಹೋಟೆಲಿನವರು ಊಟದ ಬಗ್ಗೆ ಬರೆದರೂ ಅದೇ ಪದ. ಯಾರ ಕಣ್ಣಿಗೂ ಇಸ್ಪೀಟ್ ಎಲೆ ಬರುವುದಿಲ್ಲ.

ಗೊತ್ತುಮಾಡಿಕೊಳ್ಳುವುದು ಹೇಗೆ? ನಾನು ಅಕ್ಕಪಕ್ಕದ ಮಾತು ನೋಡುತ್ತೇನೆ. ಒಂದೇ ವಾಕ್ಯದಲ್ಲಿ ಬಾಜಿ, ಬಟ್ಟೆ, ನೌಕಾಪಡೆಯ ಮುಖ್ಯ ಹಡಗು ಮೂರೂ ಬಂದಿವೆ, ಬರೆದವನಿಗೆ ನಗು ಬಂದಿಲ್ಲ ಅಂತಿಟ್ಟುಕೊಳ್ಳಿ. ಹಾಗಾದರೆ ಮೂರೂ ಸವೆದ ಮಾತುಗಳೇ. ಅದೇ ಬಾಜಿ ಅಂದವನು ಮುಂದಿನ ವಾಕ್ಯದಲ್ಲೂ ಎಲೆ, ಪಣ, ಎದುರಾಳಿ ಅಂತ ಆಟ ಮುಂದುವರಿಸಿದರೆ ಅವನಿಗೆ ಆ ಚಿತ್ರ ಬೇಕು. ಆಗ ನೀವು ಮುಟ್ಟಬೇಡಿ.

ನಿಮ್ಮ ವಾಕ್ಯಕ್ಕೆ "ವಿ ಆರ್ ಕಮಿಟೆಡ್ ಟು ಕ್ವಾಲಿಟಿ" ಸಾಕು. ಹೆಸರುಪದವಾಗಿ "ಅಪುವೆಸ್ತಾ ಎಸ್ತ್ರಾತೆಹಿಕಾ" ಬಂದರೆ "ಸ್ಟ್ರಾಟೆಜಿಕ್ ಪ್ರಯಾರಿಟಿ". ಮುಂದೆ ಯೂರೋ ಲೆಕ್ಕ ಇದ್ದರೆ, ಅಂದರೆ ಟೈಲ್ಸ್ ಸುಡುವ ಹೊಸ ಗೂಡಿಗೆ ಇಷ್ಟು ಖರ್ಚು ಮಾಡಿದೆವು ಅಂತ ಇದ್ದರೆ, ಸೀದಾ "ಇನ್ವೆಸ್ಟೆಡ್ ಇನ್" ಅನ್ನಿ. ನಿಜವಾಗಿ ಅಪಾಯಕ್ಕೆ ಕೈ ಹಾಕಿದ್ದಾರೆ, ಇದ್ದಬದ್ದದ್ದನ್ನೆಲ್ಲ ಒಂದೇ ಮಾರುಕಟ್ಟೆಗೆ ಸುರಿದಿದ್ದಾರೆ ಅಂತಾದರೆ ಮಾತ್ರ "ಬೆಟ್".

ತೆಹೀದೊ ಅಂದರೆ ನೇಯ್ದದ್ದು. ಅದು "ಲೋಕಲ್ ಬಿಸಿನೆಸಸ್" ಅಥವಾ "ಬಿಸಿನೆಸ್ ಕಮ್ಯುನಿಟಿ". ಅದೇ "ತೆಹೀದೊ ಇಂದುಸ್ತ್ರಿಯಾಲ್" ಆದರೆ "ಇಂಡಸ್ಟ್ರಿಯಲ್ ಬೇಸ್". ಮುಖ್ಯ ಹಡಗನ್ನು ಹಾಗೇ ಬಿಡಿ, ಇಂಗ್ಲಿಷಿನವರಿಗೂ ಅದು "ಫ್ಲ್ಯಾಗ್‌ಶಿಪ್" ತಾನೇ.

ಪಿಗ್ಮಿ_ಮಾಮ

ಬ್ಯಾಂಕಿನಲ್ಲಿ ಇದ್ದವನು ನಾನು. ಸ್ಪ್ಯಾನಿಷ್ ನಿವೃತ್ತಿಯ ನಂತರದ ಹುಚ್ಚು. ಮೇಲಿನ ಮಾತಿಗೆ ಒಂದು ತಕರಾರು.

"ಕಮಿಟೆಡ್" ಅನ್ನುವುದನ್ನು ಎಲ್ಲ ಕಡೆ ಹಾಕಬೇಡಿ ಮಗಳೇ. ಅಧ್ಯಕ್ಷರ ಪತ್ರದಲ್ಲಿ ಅದು ಒಳ್ಳೆಯ ಮಾತು. ಸಾಲದ ಟಿಪ್ಪಣಿಗಳ ಪುಟಕ್ಕೆ ಬಂದರೆ "ಕಮಿಟ್‌ಮೆಂಟ್" ಅಂದರೆ ಬ್ಯಾಂಕ್ ಕೊಡಲು ಒಪ್ಪಿದ ಮೊತ್ತ, ಅಥವಾ ಕಂಪನಿ ಮೈಮೇಲೆ ಹಾಕಿಕೊಂಡ ಹೊಣೆ. ಅಲ್ಲಿ "ಫೋಕಸ್ ಆನ್" ಅನ್ನಿ. ಓದುವ ಆಡಿಟರ್ ಎಲ್ಲಿ ಸಹಿ ಆಗಿದೆ ಅಂತ ಹುಡುಕಿಕೊಂಡು ಕೂರುವುದು ಬೇಡ.

ಇನ್ನು ಕೆಲವು ಚಿತ್ರದ ಹಾಗೆ ಕಾಣುತ್ತವೆ, ಆದರೆ ಬರೀ ಹೆಸರುಗಳು. "ಎಹೆರ್ಸಿಸಿಯೊ" ನೋಡಿ ವ್ಯಾಯಾಮ ಅಂದುಕೊಳ್ಳಬೇಡಿ, ಅದು ಹಣಕಾಸು ವರ್ಷ. "ಫೋಂದೊ ದೆ ಕೊಮೆರ್ಸಿಯೊ" ಯಾವ ನಿಧಿಯೂ ಅಲ್ಲ, ಲೆಕ್ಕಪತ್ರದ "ಗುಡ್‌ವಿಲ್". "ಸೊಸಿಯೆದಾದ್ ಅನೋನಿಮಾ" ಹೆಸರಿಲ್ಲದವರ ಸಂಘವಲ್ಲ, ಷೇರು ಕಂಪನಿ. ಕಂಪನಿಯ ಹೆಸರಿನ ಕೊನೆಯಲ್ಲಿ ಎಸ್.ಎ. ಅಂತ ಇದ್ದರೆ ಅದನ್ನು ಲಿಮಿಟೆಡ್ ಮಾಡಲು ಹೋಗದೆ ಹಾಗೇ ಬಿಡಿ. "ಕೊಂಕುರ್ಸೊ ದೆ ಅಕ್ರೆಯೆದೋರೆಸ್" ಬಂದರೆ ಸಾಲ ಕೊಟ್ಟವರ ಸ್ಪರ್ಧೆ ಅಂತ ತಿಳಿಯಬೇಡಿ. ಸ್ಪೇನಿನ 2003ರ ಕಾನೂನಿನಿಂದ ದಿವಾಳಿ ಪ್ರಕ್ರಿಯೆಗೆ ಅದೇ ಹೆಸರು. ಇಂಗ್ಲಿಷಿನಲ್ಲಿ "ಇನ್‌ಸಾಲ್ವೆನ್ಸಿ ಪ್ರೊಸೀಡಿಂಗ್ಸ್". ಇಲ್ಲಿ ಸೊಗಸು ಮಾಡಲು ಜಾಗವೇ ಇಲ್ಲ.

ಬೋಳಾರ_ಬೀದಿ

ಮಾಮ, ಮೆಷೀನ್ ಅದಕ್ಕೆ "ಕಾಂಟೆಸ್ಟ್" ಅಂತಲೇ ಹಾಕಿದೆ 😀 ಈಗಷ್ಟೇ ನೋಡಿದೆ. ನಿಮ್ಮ ಹೆಸರಿನ ಪಿಗ್ಮಿ ಕಥೆ ಎಂತ?

ಪಿಗ್ಮಿ_ಮಾಮ

ಕಥೆ ಎಂತ, ನಮ್ಮೂರಿನದ್ದೇ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಠೇವಣಿ ಅದು. ಆಗ ಬ್ಯಾಂಕಿನ ಹೆಸರು ಬೇರೆ ಇತ್ತು. ಏಜೆಂಟ್ ದಿನಾ ಮನೆಗೆ ಬಂದು ಎರಡಾಣೆ ಆದರೂ ತೆಗೆದುಕೊಂಡು ಹೋಗುತ್ತಿದ್ದ. ಇಲ್ಲಿ ಇವತ್ತಿಗೂ ಅಂಗಡಿಯವನು "ಪಿಗ್ಮಿ ಕಟ್ಟಿ ಆಯ್ತು" ಅಂದರೆ ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ. ಅದನ್ನೇ ಲಂಡನ್ನಿಗೆ ಕಾಗದ ಬರೆಯುವಾಗ "ಹಿ ಕಲೆಕ್ಟ್ಸ್ ಪಿಗ್ಮಿ" ಅಂತ ಬರೆದರೆ ಗತಿ ಏನು? ಮನೆ ಬಾಗಿಲಲ್ಲಿ ದಿನವೂ ಕಟ್ಟಿಸಿಕೊಳ್ಳುವ ಸಣ್ಣ ಠೇವಣಿ ಅಂತ ಬಿಡಿಸಿ ಹೇಳಬೇಕು. ಸ್ಪೇನಿನವನ ಮಾತಿಗೂ ಅಷ್ಟೇ ಮರ್ಯಾದೆ ಕೊಟ್ಟರೆ ಸಾಕು.

ಕಂಬಳ_ಕೋಣ

ಹೋರಿಯ ವಿಷಯ ಯಾರೂ ಎತ್ತಲಿಲ್ಲ! ಸ್ಪೇನಿನವರ ಆಫೀಸ್ ಮಾತಿನಲ್ಲಿ ಗೂಳಿ ಕಾಳಗ ಸಿಕ್ಕಾಪಟ್ಟೆ ಬರುತ್ತದೆ. "ಆ ತೋರೊ ಪಸಾದೊ" ಅಂದರೆ ಗೂಳಿ ದಾಟಿ ಹೋದ ಮೇಲೆ ಮಾತಾಡುವುದು. ಕಂಬಳದಲ್ಲಿ ಕೋಣ ಓಡುವ ಕರೆಯ ಹೊರಗೆ ನಿಂತು, ಓಟ ಮುಗಿದ ಮೇಲೆ ಹಗ್ಗ ಹಿಡಿದದ್ದು ಸರಿ ಇಲ್ಲ ಅನ್ನುವವರು ಇರುತ್ತಾರಲ್ಲ, ಹಾಗೆ. ಇಂಗ್ಲಿಷಿನಲ್ಲಿ "ವಿತ್ ಹೈಂಡ್‌ಸೈಟ್". ಗೂಳಿ ಬೇಡವೇ ಬೇಡ.

ಇನ್ನೊಂದು, ಬೇಲಿಯ ಆಚೆಯಿಂದ ಗೂಳಿ ನೋಡುವುದು ಅಂತ ಉಂಟು. ಜಾಸ್ತಿ ಜನ ಅದಕ್ಕೆ "ಸಿಟ್ ಆನ್ ದ ಫೆನ್ಸ್" ಹಾಕುತ್ತಾರೆ, ಬೇಲಿ ಕಂಡ ಕೂಡಲೇ. ಆದರೆ ಇಂಗ್ಲಿಷಿನ ಬೇಲಿ ಯಾವ ಪಕ್ಷವನ್ನೂ ಹಿಡಿಯದವನದ್ದು. ಸ್ಪೇನಿನ ಬೇಲಿ ಅಪಾಯಕ್ಕೆ ಇಳಿಯದೆ ದೂರದಿಂದ ನೋಡುವವನದ್ದು. ಅದಕ್ಕೆ "ವಾಚ್ ಫ್ರಮ್ ದ ಸೈಡ್‌ಲೈನ್ಸ್".

ಮಲ್ಪೆ_ಮರಳು

ಹಿಂದಿನಿಂದ ಬೀಸುವ ಗಾಳಿ ಅಂದದ್ದು "ಬಿಯೆಂತೊ ಎನ್ ಪೋಪಾ" ಅಲ್ವಾ? ಅದಕ್ಕೆ "ಟೇಲ್‌ವಿಂಡ್" ಹಾಕಬೇಕು ಅಂತ ಕೈ ತುರಿಸುತ್ತದೆ. ಹಾಕಬೇಡಿ. ಇಂಗ್ಲಿಷಿನ ತ್ರೈಮಾಸಿಕ ವರದಿಗಳಲ್ಲಿ "ಟೇಲ್‌ವಿಂಡ್ಸ್" ಅಂದರೆ ಹೊರಗಿನಿಂದ ಬಂದ ಅನುಕೂಲ. ಡಾಲರ್ ಏರಿತು, ಗ್ಯಾಸ್ ಬೆಲೆ ಇಳಿಯಿತು, ಅಂಥದ್ದು. ಸ್ಪ್ಯಾನಿಷ್ ಮಾತು ಹೇಳುವುದು ವ್ಯಾಪಾರ ಚೆನ್ನಾಗಿ ಓಡುತ್ತಿದೆ ಅಂತ ಅಷ್ಟೇ. ನೀವು "ಟೇಲ್‌ವಿಂಡ್" ಅಂದರೆ ಅಧ್ಯಕ್ಷರು ನಮ್ಮ ಗೆಲುವು ಬರೀ ಅದೃಷ್ಟ ಅಂತ ಒಪ್ಪಿಕೊಂಡ ಹಾಗೆ ಆಗುತ್ತದೆ. ಸಿಟ್ಟು ಬಾರದೆ ಇರುತ್ತದಾ?

ಅವರ ಸಮುದ್ರದ ಮಾತುಗಳಲ್ಲಿ ಕೆಲವು ಸೀದಾ ದಾಟುತ್ತವೆ. "ಕಾಪೆಯಾರ್ ಎಲ್ ತೆಂಪೊರಾಲ್" ಅಂದರೆ "ವೆದರ್ ದ ಸ್ಟಾರ್ಮ್". "ಒಳ್ಳೆ ಬಂದರಿಗೆ ಮುಟ್ಟುವುದು" ಮಾತ್ರ ದಾಟುವುದಿಲ್ಲ, ಅದನ್ನು ಕೆಲಸ ಸರಿಯಾಗಿ ಮುಗಿಯಿತು ಅಂತ ಹೇಳಬೇಕು.

ನನಗೆ ತುಂಬಾ ಇಷ್ಟ ಆದದ್ದು ಮೀನಿನ ಮಾತು. ತನ್ನ ಬಾಲ ತಾನೇ ಕಚ್ಚಿಕೊಂಡ ಪೆಸ್ಕದಿಯಾ. ಸ್ಪೇನಿನಲ್ಲಿ ಆ ಮೀನನ್ನು ಹಾಗೇ ಬಾಲ ಬಾಯಿಗೆ ಸಿಕ್ಕಿಸಿ ಕರಿಯುತ್ತಾರೆ. ಮಾರಾಟ ಇಲ್ಲ ಅಂತ ಬ್ಯಾಂಕ್ ಸಾಲ ಕೊಡುವುದಿಲ್ಲ, ಸಾಲ ಇಲ್ಲ ಅಂತ ಮಾರಾಟ ಆಗುವುದಿಲ್ಲ, ಅಂಥ ಕಡೆ ಬರುತ್ತದೆ. "ವಿಷಸ್ ಸರ್ಕಲ್" ಸರಿಹೋಗುತ್ತದೆ. ಯಾವುದು ಮೊದಲು ಅನ್ನುವ ಪ್ರಶ್ನೆ ಆದರೆ "ಚಿಕನ್ ಆಂಡ್ ಎಗ್". ನಿಘಂಟು ಈ ಮೀನನ್ನು "ವೈಟಿಂಗ್" ಅನ್ನುತ್ತದೆ. ನಮ್ಮ ಕಾಣೆ ಮೀನಿಗೂ ಇಂಗ್ಲಿಷಿನಲ್ಲಿ ಆ ಹೆಸರು ಉಂಟು, ಆದರೆ ಜಾತಿಯೇ ಬೇರೆ. ಕಾಣೆ ರವಾ ಫ್ರೈ ತಿಂದವನು ಅದರ ಬಾಲ ಬಾಯಿಗೆ ಸಿಕ್ಕಿಸುವ ಯೋಚನೆ ಕೂಡ ಮಾಡಲಾರ.

ಕಂಬಳ_ಕೋಣ

ರಾತ್ರಿ ಹತ್ತು ಗಂಟೆಗೆ ಕಾಣೆ ಫ್ರೈ ನೆನಪು ಮಾಡಿಸುವುದು ಪಾಪ ಮಾರಾಯ್ರೆ.

ಬೋಳಾರ_ಬೀದಿ

"ಅಸೆರ್ ಸು ಅಗೋಸ್ತೊ" ಕೂಡ ಬಂದಿದೆ. ತನ್ನ ಆಗಸ್ಟ್ ಮಾಡಿಕೊಂಡ ಅಂತ. ಪ್ರತಿಸ್ಪರ್ಧಿ ಕಂಪನಿಗಳ ಬಗ್ಗೆ ಬರೆದ ಸಾಲು. ಇಲ್ಲಿ ಆಗಸ್ಟ್ ಅಂದರೆ ಅರ್ಧ ತುಳುವಿನ ಆಟಿ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿಗೆ ಗಿರಾಕಿಯೂ ಕಡಿಮೆ. ಓದಿದ ಕೂಡಲೇ ನಷ್ಟ ಆಯ್ತು ಅಂತಲೇ ನನಗೆ ಅನ್ನಿಸಿದ್ದು!

ಮಣಿಪಾಲ_ಮಾರ್ಜಿನ್

ಅವರ ಆಗಸ್ಟ್ ಕೊಯ್ಲಿನ ತಿಂಗಳು. ಬೆಳೆ ಮನೆಗೆ ಬಂದು ಕೈ ತುಂಬುವ ಕಾಲ. ಈಗ ಅಲ್ಲಿ ಆಗಸ್ಟ್‌ನಲ್ಲಿ ಎಷ್ಟೋ ಆಫೀಸು ಖಾಲಿ, ಎಲ್ಲರೂ ರಜೆಗೆ ಹೋಗಿರುತ್ತಾರೆ. ಮಾತು ಮಾತ್ರ ಹಾಗೇ ನಿಂತಿದೆ. "ಮೇಡ್ ಎ ಕಿಲ್ಲಿಂಗ್" ಆಗಬಹುದು. ಆದರೆ ಸ್ಪ್ಯಾನಿಷಿನಲ್ಲಿ ಬೇರೆಯವರ ಕಷ್ಟದಲ್ಲಿ ದುಡ್ಡು ಮಾಡಿಕೊಂಡರು ಅನ್ನುವ ಸಣ್ಣ ಚುಚ್ಚು ಹಲವು ಸಲ ಇರುತ್ತದೆ. ಪ್ರತಿಸ್ಪರ್ಧಿಗಳ ಬಗ್ಗೆ ಅಂದ ಮೇಲೆ ಅದು ಇದ್ದೇ ಇರುತ್ತದೆ. "ಕ್ಯಾಶ್ಡ್ ಇನ್ ಆನ್" ಅನ್ನಿ, ಚುಚ್ಚೂ ಉಳಿಯುತ್ತದೆ.

ಕೊಡಿಯಾಲ್_ಕಾಫಿ

ಎಲ್ಲರೂ ಒಂದು ಚಿತ್ರ ತೆಗೆದು ಇನ್ನೊಂದು ಚಿತ್ರ ಹಾಕುತ್ತಿದ್ದೀರಿ. ಈ ವರದಿಯನ್ನು ಓದುವವರು ಯಾರು ಅಂತ ಯಾರಾದರೂ ಕೇಳಿದಿರಾ? ಇಂಗ್ಲಿಷ್ ಪ್ರತಿ ಲಂಡನ್ನಿಗೆ ಮಾತ್ರ ಹೋಗುವುದಿಲ್ಲ. ದುಬೈನ ಡೀಲರ್, ಜರ್ಮನಿಯ ಬ್ಯಾಂಕ್, ಗುಜರಾತಿನ ಮೋರ್ಬಿಯ ಟೈಲ್ಸ್‌ನವರು ಎಲ್ಲ ಓದುತ್ತಾರೆ. ಇವರಿಗೆಲ್ಲ ಇಂಗ್ಲಿಷ್ ಎರಡನೆಯದೋ ಮೂರನೆಯದೋ ಭಾಷೆ. "ಮೇಡ್ ಎ ಕಿಲ್ಲಿಂಗ್" ಓದಿ ಕೊಲೆ ಯಾರದ್ದು ಅಂತ ಕೇಳಿಯಾರು. ಸಹಜ ಇಂಗ್ಲಿಷ್ ಅಂದರೆ ನುಡಿಗಟ್ಟು ತುಂಬಿದ ಇಂಗ್ಲಿಷ್ ಅಂತ ನಮ್ಮ ತಲೆಯಲ್ಲಿ ಕೂತಿದೆ. ಶಾಲೆಯಲ್ಲಿ ಇಡಿಯಮ್ಸ್ ಬಾಯಿಪಾಠ ಮಾಡಿಸಿದ ಫಲ ಅದು. "ಲಾಭ ಜಾಸ್ತಿ ಆಯಿತು" ಅನ್ನಲು ಮೂರು ಸಾದಾ ಪದ ಸಾಲದಾ?

ಇನ್ನೊಂದು ಅಪಾಯವೂ ಉಂಟು. ನಮಗೆ ಸಹಜ ಅನ್ನಿಸುವ ಇಂಗ್ಲಿಷ್ ನಮ್ಮ ಪೇಪರಿನ ಇಂಗ್ಲಿಷ್. "ಬಹಾರ್ ಲಾ ಪೆರ್ಸಿಯಾನಾ" ತಗೊಳ್ಳಿ. ಪದಕ್ಕೆ ಪದ ಅಂದರೆ ಶಟರ್ ಇಳಿಸುವುದು. ನಮ್ಮಲ್ಲಿ "ಡೌನ್ಡ್ ಶಟರ್ಸ್" ಅಂತ ದಿನಾ ಓದುತ್ತೇವೆ, ಆಹಾ ಸಿಕ್ಕಿತು ಅಂತ ಹಾಕಿಬಿಡುತ್ತೇವೆ. ಆದರೆ ನಮ್ಮದು ಬಂದ್ ದಿನದ ಶಟರ್, ಮರುದಿನ ಮೇಲೆ ಹೋಗುತ್ತದೆ. ಸ್ಪೇನಿನ ವ್ಯಾಪಾರ ಸುದ್ದಿಯಲ್ಲಿ ಶಟರ್ ಇಳಿಯಿತು ಅಂದರೆ ಸಾಮಾನ್ಯವಾಗಿ ಅಂಗಡಿಯೇ ಮುಗಿಯಿತು ಅಂತ. "ಕ್ಲೋಸ್ಡ್ ಫಾರ್ ಗುಡ್", "ವೆಂಟ್ ಔಟ್ ಆಫ್ ಬಿಸಿನೆಸ್" ಇವೇ ಸರಿ.

ಮಣಿಪಾಲ_ಮಾರ್ಜಿನ್

ಶಟರಿನ ಮಾತು ನೂರಕ್ಕೆ ನೂರು ಒಪ್ಪಿದೆ. ಸಾದಾ ಪದದ ಮಾತು ಅರ್ಧ ಒಪ್ಪಿದೆ. ವರದಿಯ ಒಳಪುಟಗಳಿಗೆ ಸಾದಾ ಇಂಗ್ಲಿಷೇ ಇರಲಿ. ಅಧ್ಯಕ್ಷರ ಪತ್ರದಲ್ಲಿ ಒಬ್ಬ ಮನುಷ್ಯನ ದನಿ ಇರುತ್ತದೆ. ಅದನ್ನೂ ಒರೆಸಿ ಹಾಕಿದರೆ ಎಲ್ಲ ಕಂಪನಿಗಳ ಪತ್ರವೂ ಒಂದೇ ಹಾಗೆ ಕೇಳುತ್ತದೆ.

ಕೊಡಿಯಾಲ್_ಕಾಫಿ

ಈಗಲೂ ಹಾಗೇ ಕೇಳುತ್ತವೆ ಸರ್ 😀

ಹಡಗಿನ_ಕೊಂಕಣಿ

ನಾನು ಸ್ಪ್ಯಾನಿಷ್ ಕಲಿತದ್ದು ಶಿಪ್ಪಿನಲ್ಲಿ, ಅರ್ಜೆಂಟೀನಾ, ಪೆರು ಕಡೆಯ ಹುಡುಗರ ಜೊತೆ. ನೀವೆಲ್ಲ ಸ್ಪೇನ್ ಒಂದನ್ನೇ ಹಿಡಿದಿದ್ದೀರಿ. ಯಾವ ದೇಶದ ಫೈಲ್ ಅಂತ ಮೊದಲು ನೋಡಬೇಕು.

ಸಣ್ಣ ಉದಾಹರಣೆ. ಸ್ಪೇನಿನವರು ಕಪ್ಪು ಹಣವನ್ನು ಬಿಳಿ ಮಾಡುತ್ತಾರೆ, ನಾವು ಕನ್ನಡದಲ್ಲಿ ಹೇಳುವ ಹಾಗೇ. ಅವರದ್ದು "ಬ್ಲಾಂಕೆಯೊ". ಲ್ಯಾಟಿನ್ ಅಮೆರಿಕದವರು ಅದನ್ನು ತೊಳೆಯುತ್ತಾರೆ, "ಲಬಾದೊ". ಇಂಗ್ಲಿಷಿನಲ್ಲಿ ಎರಡೂ "ಮನಿ ಲಾಂಡರಿಂಗ್". ಬಿಳಿ ಅಂತ ನೋಡಿ "ವೈಟ್‌ವಾಶ್" ಮಾತ್ರ ಬರೆಯಬೇಡಿ. ಅದು ತಪ್ಪು ಮುಚ್ಚಿಹಾಕುವುದಕ್ಕೆ ಬಳಸುವ ಮಾತು.

ಅರ್ಜೆಂಟೀನಾದವರ ಮಾತೆಲ್ಲ ಪೆಟ್ಟು ತಿಂದು ಕಲಿತದ್ದು. 2001ರ ಡಿಸೆಂಬರಿನಲ್ಲಿ ಸರಕಾರ ಬ್ಯಾಂಕಿನಿಂದ ಹಣ ತೆಗೆಯುವುದಕ್ಕೆ ಮಿತಿ ಹಾಕಿತು. ವಾರಕ್ಕೆ 250 ಪೆಸೊ ಮಾತ್ರ. ಆಗ ಒಂದು ಪೆಸೊ ಅಂದರೆ ಒಂದು ಡಾಲರ್. ಜನ ಅದನ್ನು "ಕೊರ್ರಾಲಿತೊ" ಅಂದರು. ಪ್ರಾಣಿ ಕೂಡುವ ಸಣ್ಣ ದೊಡ್ಡಿ, ಮಗುವನ್ನು ಆಡಲು ಬಿಡುವ ಕಟಕಟೆಗೂ ಅದೇ ಹೆಸರು. ನಿಮ್ಮ ದುಡ್ಡು ಕಣ್ಣಿಗೆ ಕಾಣುತ್ತದೆ, ಆಚೆ ಬರುವುದಿಲ್ಲ. ಇದನ್ನು ಅನುವಾದ ಮಾಡಬೇಡಿ. ಇಂಗ್ಲಿಷ್ ಪತ್ರಿಕೆಗಳೇ ಆ ಪದವನ್ನು ತೆಗೆದುಕೊಂಡಿವೆ. ಮೊದಲ ಸಲ ಬಂದಾಗ ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಟ್ಟು ಮುಂದೆ ಹೋಗಿ. ಅಲ್ಲಿ ಚಿತ್ರವೇ ಚರಿತ್ರೆ.

"ಬಿಸಿಕ್ಲೇತಾ ಫಿನಾನ್ಸಿಯೇರಾ" ಬೇರೆ. ಡಾಲರ್ ಮಾರಿ ಪೆಸೊ ತೆಗೆದುಕೊಂಡು, ಜಾಸ್ತಿ ಬಡ್ಡಿಗೆ ಹಾಕಿ, ಪೆಸೊ ಬೀಳುವ ಮೊದಲು ಪುನಃ ಡಾಲರಿಗೆ ಹಾರುವುದು. ಅದಕ್ಕೆ ಇಂಗ್ಲಿಷಿನಲ್ಲಿ "ಕ್ಯಾರಿ ಟ್ರೇಡ್" ಅಂತ ಸಿದ್ಧ ಪದ ಉಂಟು, ಸೈಕಲ್ ತುಳಿಯುವ ಅಗತ್ಯ ಇಲ್ಲ.

ಮತ್ತೆ "ನ್ಯೋಕಿ". ಅಲ್ಲಿ ತಿಂಗಳ 29ಕ್ಕೆ ನ್ಯೋಕಿ ಅನ್ನುವ ಆಲೂಗಡ್ಡೆಯ ತಿಂಡಿ ತಿನ್ನುವ ರೂಢಿ. ತಿಂಗಳ ಕೊನೆಗೆ ಮಾತ್ರ ಆಫೀಸಿಗೆ ಬಂದು ಪಗಾರ ಎಣಿಸಿಕೊಂಡು ಹೋಗುವವನೂ ನ್ಯೋಕಿಯೇ. ಮೆಕ್ಸಿಕೋದಲ್ಲಿ ಅಂಥವನಿಗೆ ವಿಮಾನ ಹಾರಿಸುವವನು ಅಂತ ಹೆಸರು. "ಗೋಸ್ಟ್ ಎಂಪ್ಲಾಯಿ" ಅಂತ ಬರೆಯುತ್ತಾರೆ, ಆದರೆ ಗೋಸ್ಟ್ ಅಂದರೆ ಅಂಥ ಮನುಷ್ಯನೇ ಇಲ್ಲದಿರಬಹುದು. ನ್ಯೋಕಿ ಇದ್ದಾನೆ, ಶಿಫಾರಸಿನಿಂದ ಬಂದಿದ್ದಾನೆ, ಕೆಲಸ ಮಾತ್ರ ಮಾಡುವುದಿಲ್ಲ. "ನೋ-ಶೋ ಎಂಪ್ಲಾಯಿ" ಹತ್ತಿರ ಬರುತ್ತದೆ.

ಪಿಗ್ಮಿ_ಮಾಮ

ಇದನ್ನು ತಿಳಿಯಲು ಅರ್ಜೆಂಟೀನಾಕ್ಕೆ ಹೋಗಬೇಕಾ ಮಾರಾಯ!

ಬೋಳಾರ_ಬೀದಿ

ಎಲ್ಲರಿಗೂ ಥ್ಯಾಂಕ್ಸ್. ಇನ್ನು ಹಸು ಮತ್ತು ಚಿಗುರು ಎರಡೇ ಬಾಕಿ. ಎರಡೂ ಅಧ್ಯಕ್ಷರ ಪತ್ರದ ಒಂದೇ ಪ್ಯಾರಾದಲ್ಲಿವೆ. 2008ರ ನಂತರದ ಕಷ್ಟ ಕಾಲ ನೆನಪು ಮಾಡಿಕೊಂಡು ಬರೆದದ್ದು.

ಹಡಗಿನ_ಕೊಂಕಣಿ

ಬಡಕಲು ಹಸು ಇಗರ್ಜಿಯಲ್ಲಿ ಕೇಳಿದ ಕಥೆ. ಈಜಿಪ್ಟಿನ ರಾಜನ ಕನಸು, ಏಳು ಕೊಬ್ಬಿದ ಹಸು, ಏಳು ಬಡಕಲು ಹಸು, ಜೋಸೆಫ್ ಅರ್ಥ ಹೇಳಿದ್ದು. ಇಂಗ್ಲಿಷಿನವರೂ ಅದೇ ಬೈಬಲ್ ಓದಿದವರು, ಆದರೆ ಹಸು ಬಿಟ್ಟು ವರ್ಷ ಇಟ್ಟುಕೊಂಡರು. "ಲೀನ್ ಇಯರ್ಸ್".

ಮಣಿಪಾಲ_ಮಾರ್ಜಿನ್

ಚಿಗುರಿನಲ್ಲಿ ಸ್ವಲ್ಪ ಜಾಗ್ರತೆ ಬೇಕು ಅಕ್ಕ. "ಗ್ರೀನ್ ಶೂಟ್ಸ್" ಅನ್ನುವುದನ್ನು ಬ್ರಿಟನ್ನಿನ ಹಣಕಾಸು ಮಂತ್ರಿ ನಾರ್ಮನ್ ಲಾಮಾಂಟ್ 1991ರಲ್ಲಿ ಹೇಳಿ ಪ್ರಸಿದ್ಧಿ ಮಾಡಿದರು. ಸ್ಪೇನಿನಲ್ಲಿ ಅದೇ ಮಾತನ್ನು, "ಬ್ರೋತೆಸ್ ಬೆರ್ದೆಸ್" ಅಂತ, ಮಂತ್ರಿ ಎಲೆನಾ ಸಾಲ್ಗಾದೊ 2009ರಲ್ಲಿ ಹೇಳಿದರು. ಚಿಗುರು ಬರಲಿಲ್ಲ. 2013ರಲ್ಲಿ ಅಲ್ಲಿನ ನಿರುದ್ಯೋಗ ಶೇ. 26 ದಾಟಿತು. ಹಾಗಾಗಿ ಸ್ಪೇನಿನವನು ಈ ಮಾತು ಆಡಿದರೆ ಒಳಗೊಂದು ಕಹಿ ನಗು ಇರಬಹುದು. ನಿಮ್ಮ ಪ್ಯಾರಾದಲ್ಲಿ ಆ ಮಾತಿಗೆ ಉದ್ಧರಣ ಚಿಹ್ನೆ ಹಾಕಿದ್ದಾರಾ? "ಆ ಕಾಲದ ಪ್ರಸಿದ್ಧ" ಅಂತ ಏನಾದರೂ ಸೇರಿಸಿದ್ದಾರಾ?

ಬೋಳಾರ_ಬೀದಿ

ಹೌದು! "ಲೋಸ್ ಫಮೋಸೋಸ್ ಬ್ರೋತೆಸ್ ಬೆರ್ದೆಸ್" ಅಂತಲೇ ಇದೆ. ಹಾಗಾದರೆ ಅವರು ಚುಚ್ಚುತ್ತಿದ್ದಾರೆ.

ಮಣಿಪಾಲ_ಮಾರ್ಜಿನ್

ಚುಚ್ಚುತ್ತಿದ್ದಾರೆ. "ದ ಮಚ್-ವಾಂಟೆಡ್ ಗ್ರೀನ್ ಶೂಟ್ಸ್" ಅಂತ ಮಾಡಿ. ಬೇಕಾದ ಅನ್ನುವ ಅರ್ಥದ, ಡಬ್ಲ್ಯೂ ಸ್ಪೆಲ್ಲಿಂಗಿನ ವಾಂಟೆಡ್ ಅಲ್ಲ, ವಿ-ಎ-ಯು ಸ್ಪೆಲ್ಲಿಂಗಿನದ್ದು, ಜಂಬ ಕೊಚ್ಚಿದ ಅನ್ನುವ ಅರ್ಥದ್ದು. ನಮ್ಮ ಲಿಪಿಯಲ್ಲಿ ಎರಡೂ ಒಂದೇ ಆಗಿಬಿಡುತ್ತದೆ ನೋಡಿ.

ಕೊಡಿಯಾಲ್_ಕಾಫಿ

ಈ ಒಂದು ಚಿತ್ರ ಉಳಿಯಲಿ, ನನ್ನ ಅಡ್ಡಿ ಇಲ್ಲ. ಚಿನ್ನದ ಮೊಟ್ಟೆ ಏನಾದರೂ ಬಂದರೆ ಮಾತ್ರ ನೋಡಿಕೊಳ್ಳಿ. ಸ್ಪ್ಯಾನಿಷಿನಲ್ಲೂ ಕನ್ನಡದಲ್ಲೂ ಇಡುವುದು ಕೋಳಿ, ಇಂಗ್ಲಿಷಿನಲ್ಲಿ ಗೂಸ್.

ಪಿಗ್ಮಿ_ಮಾಮ

ಹಸು, ಕೋಳಿ, ಮೀನು ಎಲ್ಲ ಆಯಿತು. ಕಳಿಸುವ ಮೊದಲು ಅಂಕಿಗಳನ್ನು ನೋಡಿದೆಯಾ ಮಗಳೇ? ಸ್ಪ್ಯಾನಿಷಿನ "ಬಿಯೋನ್" ಇಂಗ್ಲಿಷಿನ ಬಿಲಿಯನ್ ಅಲ್ಲ. ಬಿಲಿಯನ್ ನಮ್ಮ 100 ಕೋಟಿ. ಬಿಯೋನ್ ಅಂದರೆ 1 ಲಕ್ಷ ಕೋಟಿ, ಅಂದರೆ ಇಂಗ್ಲಿಷಿನ ಟ್ರಿಲಿಯನ್. ಬ್ರಿಟನ್ ಸರಕಾರವೂ ಮೊದಲು ಹಳೆ ಲೆಕ್ಕದಲ್ಲೇ ಇತ್ತು, 1974ರಲ್ಲಿ ಬಿಟ್ಟಿತು. ಇಂಗ್ಲಿಷಿನ ಬಿಲಿಯನ್ನಿಗೆ ಅವರು "ಮಿಲ್ ಮಿಯೋನೆಸ್" ಅನ್ನುತ್ತಾರೆ. ಚುಕ್ಕಿ, ಅಲ್ಪವಿರಾಮ ಕೂಡ ತಿರುಗುಮುರುಗು. ಸ್ಪೇನಿನ 1.200 ಅಂದರೆ ಸಾವಿರದ ಇನ್ನೂರು. ಮೆಕ್ಸಿಕೋದ ಫೈಲ್ ಆದರೆ ನಮ್ಮ ಹಾಗೇ.

ಬೋಳಾರ_ಬೀದಿ

ಮಾಮ, ಬಿಯೋನ್ ಎಲ್ಲೂ ಇಲ್ಲ, ಹುಡುಕಿದೆ. ಆದರೆ 14ನೇ ಪುಟದ ಟೇಬಲಿನ ಮೇಲೆ ಸಣ್ಣ ಅಕ್ಷರದಲ್ಲಿ "ಎನ್ ಮಿಲೆಸ್ ದೆ ಎಉರೋಸ್" ಅಂತ ಇದೆ. ಸಾವಿರ ಯೂರೋಗಳಲ್ಲಿ ಅಂತ ತಾನೇ?

ಪಿಗ್ಮಿ_ಮಾಮ

ಹೌದು. ಹಾಗಾದರೆ ಅಲ್ಲಿನ 1.200 ಅಂದರೆ 12 ಲಕ್ಷ ಯೂರೋ. ಆ ತಲೆಬರಹ ಇಂಗ್ಲಿಷ್ ಪ್ರತಿಯಲ್ಲಿ ಬಿಟ್ಟುಹೋಗಿದೆಯಾ ನೋಡು. ಚುಕ್ಕಿಯನ್ನು ಅಲ್ಪವಿರಾಮ ಮಾಡುವಾಗ ಶೇಕಡಾ ಕಾಲಮ್ಮನ್ನು ಬೇರೆ ಮಾಡು. ಅಲ್ಲಿ 3,5 ಅನ್ನುವುದು 3.5 ಆಗಬೇಕು.

ಬೋಳಾರ_ಬೀದಿ

ತಲೆಬರಹ ಬಿಟ್ಟೇಹೋಗಿದೆ ಮಾಮ. ಈಗ ಹಾಕ್ತೇನೆ. ಶೇಕಡಾ ಕಾಲಮ್ ನಾಳೆ ಬೆಳಿಗ್ಗೆ.